ಬೀಜವರಿಯಿಂದ ಮೊಳಕೆಯ ಪಾಠದವರೆಗೆ

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಸ್ಥಳೀಯ ಇತಿಹಾಸದ ಬಗ್ಗೆ ಒಂದು ಲೇಖನ ಬೇಕೆಂದು ಸಂಪಾದಕ ಸಮಿತಿಯವರು ಕೇಳಿದರು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಇತಿಹಾಸವೆಂದರೆ ಕೆಳದಿ ಅರಸರು, ಕೋಟೆಗಳು, ದೇವಸ್ಥಾನಗಳು, ಕಾಗೋಡು ಹೋರಾಟ, ಮುಳುಗಡೆ ಎಂದು ನಾವೆಲ್ಲ ಓದಿ ಕೇಳಿ ಬೆಳೆದವರು. ಅವುಗಳ ಬಗ್ಗೆ ಬಲ್ಲವರು ಬರೆದಿದ್ದಾರೆ. ನಾನು ಆರಿಸಿಕೊಂಡದ್ದು ಅವುಗಳ ನಡುವೆಯೇ ಹಾದುಹೋಗುವ ಒಂದು ಸಣ್ಣ ವಿಷಯವನ್ನು. ಒಂದು ಬೀಜ ಮೊಳೆತು ಗಿಡವಾಗುವುದನ್ನು ನಮ್ಮ ಸೀಮೆಯ ಮಕ್ಕಳು ಯಾರಿಂದ ಕಲಿತರು, ಎಲ್ಲಿ ಕಲಿತರು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ನಮ್ಮ ಊರುಗಳ ಇತಿಹಾಸವೂ ನಮ್ಮ ಶಾಲೆಯ ಕೆಲಸವೂ ಒಂದೇ ಕಡೆ ಬಂದು ಸೇರುತ್ತವೆ.

ಬೀಜದಿಂದ ಅಳೆದ ಭೂಮಿ

ಇಂದು ನಾವು ಜಮೀನನ್ನು ಎಕರೆ, ಗುಂಟೆಯಲ್ಲಿ ಹೇಳುತ್ತೇವೆ. ನಮ್ಮ ಅಜ್ಜಂದಿರ ಬಾಯಲ್ಲಿ ಮಾತ್ರ ‘ಹತ್ತು ಕೊಳಗದ ಗದ್ದೆ’, ‘ಖಂಡುಗದ ಗದ್ದೆ’ ಎಂಬ ಮಾತು ಇತ್ತು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಒಂದು ಖಂಡುಗ ಬೀಜ ಎಷ್ಟು ನೆಲಕ್ಕೆ ಹಿಡಿಯುತ್ತದೆಯೋ ಅಷ್ಟು ನೆಲ ಒಂದು ಖಂಡುಗದ ಗದ್ದೆ. ಹೀಗೆ ಬಿತ್ತುವ ಬೀಜದ ಅಳತೆಯಿಂದ ನೆಲವನ್ನು ಲೆಕ್ಕ ಹಾಕುವುದಕ್ಕೆ ಬೀಜವರಿ ಎಂದು ಹೆಸರು. ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ಎಂಟನೆಯ ಸಂಪುಟದಲ್ಲಿ (1904) ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳನ್ನು ಪ್ರಕಟಿಸಿದರು. ಇಂದಿನ ಹೊಸನಗರ ತಾಲ್ಲೂಕಿಗೆ ಹಿಂದೆ ನಗರ ತಾಲ್ಲೂಕೆಂದೇ ಹೆಸರಿತ್ತು. ದೇವಸ್ಥಾನಕ್ಕೋ ಮಠಕ್ಕೋ ಬಿಟ್ಟ ಗದ್ದೆಯನ್ನು ಖಂಡುಗದ ಲೆಕ್ಕದಲ್ಲಿ ಹೇಳುವುದು ಹಳೆಯ ಶಾಸನಗಳಲ್ಲಿ ಸಾಮಾನ್ಯ.

ಈ ಲೆಕ್ಕವನ್ನು ರಾಜ್ಯದ ವ್ಯವಸ್ಥೆಯಾಗಿ ಮಾಡಿದವನು ಕೆಳದಿಯ ಶಿವಪ್ಪನಾಯಕ. ಅವನ ಆಳ್ವಿಕೆ 1645ರಿಂದ 1660ರವರೆಗೆ. ಕೆಳದಿ, ಇಕ್ಕೇರಿಗಳು ಸಾಗರ ತಾಲ್ಲೂಕಿನಲ್ಲಿವೆ, ಅವನ ರಾಜಧಾನಿ ಬಿದನೂರು ಇಂದಿನ ನಗರ, ಹೊಸನಗರ ತಾಲ್ಲೂಕಿನಲ್ಲಿದೆ, ಕವಲೇದುರ್ಗ ತೀರ್ಥಹಳ್ಳಿಯಲ್ಲಿದೆ. ಅವನು ಮಣ್ಣಿನ ಗುಣ, ನೀರಿನ ಅನುಕೂಲ ನೋಡಿ ಗದ್ದೆಗಳನ್ನು ಉತ್ತಮ, ಮಧ್ಯಮ, ಕನಿಷ್ಠ, ಅಧಮ, ಅಧಮಾಧಮ ಎಂದು ಐದು ತರಗತಿಯಾಗಿ ವಿಂಗಡಿಸಿದ. ಆಯಾ ತರಗತಿಯ ನೆಲದಲ್ಲಿ ಎಷ್ಟು ಬೀಜ ಬಿತ್ತಿದರೆ ಎಷ್ಟು ಭತ್ತ ಬರುತ್ತದೆ ಎಂಬುದನ್ನು ಹಲವು ವರ್ಷ ಬರೆದಿಡಿಸಿ, ಸರಾಸರಿ ತೆಗೆದು, ಸುಮಾರು ಮೂರನೆಯ ಒಂದು ಭಾಗವನ್ನು ಕಂದಾಯವೆಂದು ಗೊತ್ತುಮಾಡಿದ ಎಂದು ಇತಿಹಾಸಕಾರರು ಹೇಳುತ್ತಾರೆ. ಅಡಿಕೆ ತೋಟಕ್ಕೆ ಮಾತ್ರ ಮರಗಳ ಲೆಕ್ಕ. ಈ ವ್ಯವಸ್ಥೆಗೆ ಜನ ಇಟ್ಟ ಹೆಸರು ‘ಶಿಸ್ತು’. ‘ಶಿಸ್ತಿನ ಶಿವಪ್ಪನಾಯಕ’ ಎಂಬ ಮಾತು ಬಂದದ್ದು ಹೀಗೆ. ಪ್ರಾರ್ಥನೆಯ ಸಾಲಿನಲ್ಲಿ ನಿಂತಾಗ ಪಿ.ಟಿ. ಮೇಷ್ಟ್ರಿಂದ ನಾವು ದಿನವೂ ಕೇಳುತ್ತಿದ್ದ ಶಿಸ್ತು ಒಂದು ಕಾಲಕ್ಕೆ ಬೀಜ ಮತ್ತು ಬೆಳೆಯ ಲೆಕ್ಕಪತ್ರವಾಗಿತ್ತು. ಕಂಪ್ಯೂಟರಿನಲ್ಲಿ ದಿನವಿಡೀ ಅಂಕಿಅಂಶಗಳೊಡನೆ ಕೆಲಸ ಮಾಡುವ ನನಗೆ ಇದು ಬಹಳ ಹಿಡಿಸಿತು. ಬಿತ್ತಿದ್ದೆಷ್ಟು, ಬಂದದ್ದೆಷ್ಟು ಎಂದು ಗದ್ದೆಗದ್ದೆಗೆ ಬರೆದಿಟ್ಟು, ಒಂದೇ ವರ್ಷ ನೋಡಿ ತೀರ್ಮಾನಿಸದೆ ಸರಾಸರಿ ತೆಗೆಯುವುದೆಂದರೆ ಅದು ವಿಜ್ಞಾನದ ಕ್ರಮವೇ.

ಇದೇ ಅಳತೆಯ ಕೊಳಗ ಮುಂದೆ ಜಗಳಕ್ಕೂ ಕಾರಣವಾಯಿತು. ಕಾಗೋಡಿನಲ್ಲಿ ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ತಕರಾರು ದೊಡ್ಡದಾಗುತ್ತ ಹೋಗಿ, 1951ರ ಏಪ್ರಿಲ್‌ನಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಗೇಣಿದಾರರ ಸತ್ಯಾಗ್ರಹ ಆರಂಭವಾಯಿತು. ರಾಮಮನೋಹರ ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಕಾಯಿದೆ ಜಾರಿಗೆ ಬಂದ ಮೇಲೆ ಎಷ್ಟೋ ಗೇಣಿದಾರರು ಭೂಮಿಯ ಒಡೆಯರಾದರು. ನಮ್ಮಂಥ ಸರ್ಕಾರಿ ಪ್ರೌಢಶಾಲೆಗಳು ಹಳ್ಳಿಗಳ ನಡುವೆ ತೆರೆದದ್ದೂ ಆ ಆಸುಪಾಸಿನ ವರ್ಷಗಳಲ್ಲಿ. ಮನೆತನದಲ್ಲೇ ಮೊದಲ ಬಾರಿಗೆ ಪ್ರೌಢಶಾಲೆಯ ಮೆಟ್ಟಿಲು ಹತ್ತಿದ ಆ ಮಕ್ಕಳಲ್ಲಿ ಬಹಳ ಮಂದಿ ಬೀಜ ಬಿತ್ತಿ ಗೊತ್ತಿದ್ದವರು.

ಮನೆಯಲ್ಲಿ ಕಲಿತದ್ದು

ಮಲೆನಾಡಿನ ಮನೆಯಲ್ಲಿ ಬೀಜದ ಪಾಠ ಮಳೆಗಾಲಕ್ಕೆ ಮೊದಲೇ ಶುರುವಾಗುತ್ತಿತ್ತು. ಬೀಜದ ಭತ್ತವನ್ನು ಬೇರೆಯಾಗಿ ಒಣಗಿಸಿ, ಹುಲ್ಲಿನಲ್ಲಿ ಮುಡಿ ಕಟ್ಟಿ ಇಡುತ್ತಿದ್ದರು. ಸೌತೆಬೀಜವನ್ನು ಬೂದಿಯಲ್ಲಿ ಕಲೆಸಿ ಗೋಡೆಗೆ ಬಡಿಯುತ್ತಿದ್ದರು. ಒಣಗಿದ ಹೀರೇಕಾಯಿಯನ್ನು ಒಲೆಯ ಹೊಗೆ ತಾಗುವಂತೆ ತೂಗುಹಾಕುತ್ತಿದ್ದರು. ಇದೆಲ್ಲ ಹೆಂಗಸರ ಕೈಯಲ್ಲಿದ್ದ ವಿದ್ಯೆ. ಯಾವ ಬೀಜ ಎಲ್ಲಿದೆ, ಎಷ್ಟು ವರ್ಷದ್ದು ಎಂಬುದು ಮನೆಯ ಅಮ್ಮನಿಗೋ ಅಜ್ಜಿಗೋ ಗೊತ್ತಿರುತ್ತಿತ್ತು.

ರೋಹಿಣಿ, ಮೃಗಶಿರ ಮಳೆಯ ಹೊತ್ತಿಗೆ ಬೀಜದ ಭತ್ತವನ್ನು ಒಂದು ದಿನ ನೀರಿನಲ್ಲಿ ನೆನೆಹಾಕುವುದು, ತೇಲಿದ ಜೊಳ್ಳನ್ನು ತೆಗೆಯುವುದು, ಆಮೇಲೆ ನೀರು ಬಸಿದು ಗೋಣಿಚೀಲದಲ್ಲೋ ಹುಲ್ಲಿನಲ್ಲೋ ಸುತ್ತಿ ಬೆಚ್ಚಗೆ ಮುಚ್ಚಿಡುವುದು. ಒಂದೆರಡು ದಿನದಲ್ಲಿ ಕೈಹಾಕಿ ನೋಡಿದರೆ ಒಳಗೆ ಬಿಸಿ, ಪ್ರತಿ ಕಾಳಿನ ತುದಿಯಲ್ಲಿ ಬಿಳಿಯ ಮೊಳಕೆ. ಬಿಸಿ ಹೆಚ್ಚಾದರೆ ಬೀಜ ಬೆಂದು ಹೋಗುತ್ತದೆಂದು ಚೀಲವನ್ನು ಬಿಡಿಸಿ ಕೈಯಾಡಿಸುತ್ತಿದ್ದರು. ಮೊಳಕೆ ಉದ್ದವಾಗುವ ಮೊದಲೇ ಸಸಿಮಡಿಗೆ ಎರಚಬೇಕು, ಇಲ್ಲದಿದ್ದರೆ ಎರಚುವಾಗ ಮುರಿಯುತ್ತದೆ.

ಇದು ಬಹಳ ಹಳೆಯ ಕ್ರಮ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮೈಸೂರು, ಕೆನರಾ, ಮಲಬಾರ್ ಪ್ರವಾಸದ ಭಾಗವಾಗಿ ಇಕ್ಕೇರಿ, ನಗರದ ದಾರಿಯಲ್ಲಿ ಹಾದುಹೋದ. 1807ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಒಣಬೀಜ ಬಿತ್ತುವುದು, ಮೊಳಕೆ ಬರಿಸಿ ಬಿತ್ತುವುದು, ಸಸಿ ಕಿತ್ತು ನೆಡುವುದು ಎಂಬ ಮೂರು ಕ್ರಮಗಳನ್ನು ಬೇರೆಬೇರೆಯಾಗಿ ವಿವರಿಸಿದ್ದಾನೆ. ಅದಕ್ಕೂ ಎಷ್ಟೋ ಹಿಂದೆ, 1025ರಲ್ಲಿ, ಚಾವುಂಡರಾಯ ಕನ್ನಡದಲ್ಲೇ ಬರೆದ ‘ಲೋಕೋಪಕಾರ’ದಲ್ಲಿ ಗಿಡಮರಗಳ ಆರೈಕೆಯ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವೇ ಇದೆ.

ಹಬ್ಬಗಳೂ ಈ ಪಾಠವನ್ನು ಹೇಳಿಕೊಡುತ್ತಿದ್ದವು. ಮದುವೆ, ಉಪನಯನ, ದೇವರ ಉತ್ಸವಗಳಲ್ಲಿ ಅಂಕುರಾರ್ಪಣೆಯೆಂದು ನವಧಾನ್ಯಗಳನ್ನು ಮಣ್ಣಿನಲ್ಲಿ ಮೊಳೆಯಿಸುತ್ತಾರೆ. ಆಶ್ವಯುಜದ ಶೀಗಿ ಹುಣ್ಣಿಮೆಯಂದು ನಮ್ಮಲ್ಲಿ ಭೂಮಿ ಹುಣ್ಣಿಮೆ. ಭತ್ತ ಹೊಡೆ ಕಟ್ಟಿರುವ ಆ ಹೊತ್ತಿನಲ್ಲಿ ಭೂಮಿ ಗರ್ಭಿಣಿ ಎಂದು ಬಗೆದು, ಬಯಕೆಯ ಊಟ ಬಡಿಸುವ ಹಾಗೆ ಗದ್ದೆಗೆ ಅಡುಗೆ ಒಯ್ದು ಬೀರುತ್ತಾರೆ. ದೀವರ ಹೆಣ್ಣುಮಕ್ಕಳು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಆ ಅಡುಗೆ ಹೋಗುತ್ತದೆ. ನಸುಕಿನಲ್ಲಿ ಬುಟ್ಟಿಯ ಹಿಂದೆ ನಡೆದ ಮಗುವಿಗೆ, ತೆನೆ ಹೊರಬರುವ ಮೊದಲು ಗಿಡದ ಒಳಗೇ ರೂಪುಗೊಳ್ಳುತ್ತದೆ ಎಂಬುದನ್ನು ಬೇರೆ ಹೇಳಬೇಕಾಗಿರಲಿಲ್ಲ.

ಶಾಲೆಯಲ್ಲಿ ಕಲಿತದ್ದು

ಹಳೆಯ ಕೂಲಿಮಠಗಳಲ್ಲಿ ಐಗಳು ಮರಳಿನ ಮೇಲೆ ಅಕ್ಷರ ತಿದ್ದಿಸಿ, ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದರು. ಕೊಳಗ, ಖಂಡುಗದ ಲೆಕ್ಕ ಅಲ್ಲಿ ಗಣಿತವಾಗಿತ್ತೇ ಹೊರತು ಬೀಜದ ವಿಚಾರ ಅಲ್ಲಿಗೆ ಬರುತ್ತಿರಲಿಲ್ಲ. ಮೈಸೂರು ಸಂಸ್ಥಾನದಲ್ಲಿ ವಿದ್ಯಾ ಇಲಾಖೆ 1857ರಲ್ಲಿ ಆರಂಭವಾಯಿತು. 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ಬಂತು. ಅದನ್ನು ತಂದವರು ಮುಂದೆ ನಮ್ಮ ಶಾಸನಗಳನ್ನು ಓದಿದ ಅದೇ ರೈಸ್ ಅವರು.

ವಿಜ್ಞಾನವನ್ನು ಕನ್ನಡದಲ್ಲಿ ಹೇಳಲು ಮಾತುಗಳೇ ಇಲ್ಲ ಎನ್ನುವವರಿದ್ದ ಕಾಲದಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆ ತಂದರು. ಅದು ಎರಡೇ ವರ್ಷ ನಡೆಯಿತು. ಬೆಳ್ಳಾವೆಯವರ ‘ಜೀವವಿಜ್ಞಾನ’ 1939ರಲ್ಲಿ ಬಂತು. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು ಮಕ್ಕಳ ಕೈಗಿತ್ತರು. ಇಂದು ನಮ್ಮ ಮಕ್ಕಳು ಬೀಜದಳ, ಏಕದಳ, ದ್ವಿದಳ ಎಂದು ಸಲೀಸಾಗಿ ಹೇಳುವುದರ ಹಿಂದೆ ಇಂಥ ಹಿರಿಯರ ದುಡಿಮೆ ಇದೆ.

1937ರ ಅಕ್ಟೋಬರ್‌ನಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ಶಿಕ್ಷಣ ಯೋಜನೆ ಮತ್ತೊಂದು ದಾರಿ ತೋರಿಸಿತು. ನೂಲು, ಬಡಗಿ ಕೆಲಸ, ಬೇಸಾಯ ಮುಂತಾದ ಕಸುಬಿನ ಮೂಲಕವೇ ಉಳಿದ ವಿಷಯಗಳನ್ನು ಕಲಿಸಬೇಕು ಎಂಬುದು ಅದರ ತಿರುಳು. ಸ್ವಾತಂತ್ರ್ಯಾನಂತರ ನಮ್ಮ ರಾಜ್ಯದಲ್ಲೂ ಮೂಲಶಿಕ್ಷಣ ಶಾಲೆಗಳು ತೆರೆದವು. ಆದರೆ ಬಹುಪಾಲು ತಂದೆತಾಯಿಗಳು ಮಕ್ಕಳನ್ನು ಶಾಲೆಗೆ ಕಳುಹಿಸುತ್ತಿದ್ದದ್ದೇ ಗದ್ದೆ ಕೆಲಸ ತಪ್ಪಲಿ ಎಂದು. ಮನೆಯಲ್ಲಿ ಮಾಡುವ ಕೆಲಸವನ್ನೇ ಶಾಲೆಯಲ್ಲೂ ಮಾಡಿಸುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಅವರ ಮಾತಿನಲ್ಲೂ ನ್ಯಾಯವಿತ್ತು.

ಮುಂದೆ 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ ಹದಿನಾರು ಹಳ್ಳಿ ಶಾಲೆಗಳಲ್ಲಿ ಒಂದು ವಿಜ್ಞಾನ ಕಾರ್ಯಕ್ರಮ ಆರಂಭವಾಯಿತು. ಉತ್ತರವನ್ನು ಮೊದಲೇ ಹೇಳದೆ, ಊರಿನಲ್ಲಿ ಸಿಗುವ ಸಾಮಾನಿನಿಂದಲೇ ಮಕ್ಕಳು ಪ್ರಯೋಗ ಮಾಡಿ, ಕಂಡದ್ದನ್ನು ಬರೆದು, ಚರ್ಚಿಸಿ ತೀರ್ಮಾನಕ್ಕೆ ಬರಬೇಕು ಎಂಬುದು ಅದರ ಕ್ರಮ. ಅದು ಜಿಲ್ಲೆಯಿಡೀ ಹಬ್ಬಿ ಮೂವತ್ತು ವರ್ಷ ನಡೆದು 2002ರಲ್ಲಿ ಸರ್ಕಾರದ ತೀರ್ಮಾನದಿಂದ ನಿಂತಿತು. ಶಾಲೆಯ ಹೊರಗಿನ ಬದುಕಿಗೂ ಶಾಲೆಯ ಕಲಿಕೆಗೂ ನಂಟು ಬೆಸೆಯಬೇಕೆಂಬ ಮಾತು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲಿ ಮೊದಲ ತತ್ವವಾಗಿ ಬಂತು.

ನಮ್ಮ ಶಾಲೆಯ ಮೇಷ್ಟ್ರುಗಳು ಇದನ್ನೆಲ್ಲ ಓದಿದ್ದರೋ ಇಲ್ಲವೋ, ಪ್ರಯೋಗಾಲಯವಿಲ್ಲದ ಆರಂಭದ ವರ್ಷಗಳಲ್ಲೂ ಹಾರ್ಲಿಕ್ಸ್ ಬಾಟಲಿಯಲ್ಲಿ ಬೀಜ ಮೊಳೆಯಿಸಿ ತೋರಿಸುತ್ತಿದ್ದರು ಎಂದು ನಮಗಿಂತ ಹಿರಿಯರು ಹೇಳುತ್ತಾರೆ.

ಬಾಟಲಿಯ ತಳದ ಭತ್ತ

ಪಠ್ಯಪುಸ್ತಕಗಳಲ್ಲಿ ಮೂರು ಬೀಜದ ಪ್ರಯೋಗ ಪ್ರಸಿದ್ಧ. ಒಂದು ಕಡ್ಡಿಗೆ ಮೇಲೆ, ನಡುವೆ, ಕೆಳಗೆ ಒಂದೊಂದು ಬೀಜ ಕಟ್ಟಿ, ನಡುವಿನ ಬೀಜ ಅರ್ಧ ಮುಳುಗುವಷ್ಟು ನೀರು ಹಾಕಿದ ಲೋಟದಲ್ಲಿ ಇಡಬೇಕು. ಮೇಲಿನದಕ್ಕೆ ಗಾಳಿ ಇದೆ, ನೀರಿಲ್ಲ. ಕೆಳಗಿನದಕ್ಕೆ ನೀರಿದೆ, ಗಾಳಿ ಸಾಲದು. ಎರಡೂ ಇರುವ ನಡುವಿನ ಬೀಜ ಮೊಳೆಯುತ್ತದೆ. ಮೊಳೆಯಲು ನೀರು, ಗಾಳಿ, ಹದವಾದ ಶಾಖ ಬೇಕು ಎಂಬುದು ಪಾಠ.

ನಾವು ಎಂಟನೇ ತರಗತಿಯಲ್ಲಿದ್ದಾಗ ವಿಜ್ಞಾನದ ಮೇಷ್ಟ್ರು ಮನೆಯಲ್ಲಿರುವ ಬೀಜವನ್ನೇ ತನ್ನಿ ಎಂದರು. ಕೆಲವರು ಅಲಸಂದೆ ತಂದರು, ಇಬ್ಬರು ಬೀಜದ ಭತ್ತ ತಂದರು. ಕಡ್ಡಿಯಾಗಿ ಬಳಸಿದ್ದು ಅಡಿಕೆ ದಬ್ಬೆಯ ಸೀಳು. ವಾರ ಕಳೆದ ಮೇಲೆ ನೋಡಿದರೆ ಅಲಸಂದೆ ಪುಸ್ತಕದಲ್ಲಿದ್ದ ಹಾಗೆಯೇ ಇತ್ತು. ನಡುವಿನದು ಮೊಳೆತಿತ್ತು, ತಳದ್ದು ಉಬ್ಬಿ ಕೊಳೆತು ವಾಸನೆ ಬರುತ್ತಿತ್ತು. ಭತ್ತ ಮಾತ್ರ ತಳದಲ್ಲೂ ಮೊಳೆತಿತ್ತು! ಪುಸ್ತಕದ ಪ್ರಕಾರ ಅದು ಮೊಳೆಯಬಾರದು. ನಾವು ಮೇಷ್ಟ್ರ ಮುಖ ನೋಡಿದೆವು. ಅವರು ಪ್ರಯೋಗ ಕೆಟ್ಟಿತು ಎನ್ನಲಿಲ್ಲ. ಕಡ್ಡಿಯನ್ನು ಹೊರಗೆ ತೆಗೆದು, ‘ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಏನು ವ್ಯತ್ಯಾಸ ಹೇಳಿ’ ಎಂದರು. ನಡುವಿನ ಭತ್ತಕ್ಕೆ ಬೇರೂ ಇತ್ತು, ಮೊಳಕೆಯೂ ಇತ್ತು. ತಳದ ಭತ್ತಕ್ಕೆ ತೆಳ್ಳಗಿನ ಬಿಳಿ ಮೊಳಕೆ ಮೇಲಕ್ಕೆ ಚಾಚಿತ್ತು, ಬೇರೇ ಇರಲಿಲ್ಲ.

‘ನೆನೆಸಿದ ಬೀಜದ ನೀರನ್ನು ಬಸಿಯುವುದು ಯಾಕೆ ಅಂತ ಮನೇಲಿ ಕೇಳಿಕೊಂಡು ಬನ್ನಿ’ ಎಂದು ಅವರು ಹೇಳಿದರು. ಮರುದಿನ ಬಂದ ಉತ್ತರಗಳಲ್ಲಿ ಒಂದು ಹೀಗಿತ್ತು: ‘ಮಡಿಯಲ್ಲಿ ನೀರು ನಿಂತರೆ ಸಸಿ ಕಚ್ಚಿಕೊಳ್ಳುವುದಿಲ್ಲ, ತೇಲಿಹೋಗುತ್ತದೆ.’ ಓದು ಬಾರದ ಅಜ್ಜಿಯೊಬ್ಬರು ಮೊಮ್ಮಗಳ ಕೈಲಿ ಹೇಳಿಕಳಿಸಿದ ಮಾತು ಅದು. ಬೇರಿಲ್ಲದ ಸಸಿ ತೇಲದೆ ಇನ್ನೇನಾದೀತು? ಗದ್ದೆಯಲ್ಲಿ ಅವರು ಕಂಡದ್ದೂ ಬಾಟಲಿಯಲ್ಲಿ ನಾವು ಕಂಡದ್ದೂ ಒಂದೇ ಆಗಿತ್ತು.

ಕಾರಣವನ್ನು ನಾನು ಬಹಳ ವರ್ಷಗಳ ಮೇಲೆ ಓದಿ ತಿಳಿದೆ. ಆಮ್ಲಜನಕ ತೀರ ಕಡಿಮೆ ಇದ್ದಾಗಲೂ ತನ್ನೊಳಗಿನ ಪಿಷ್ಟವನ್ನು ಸಕ್ಕರೆಯಾಗಿ ಒಡೆದುಕೊಳ್ಳುವ ಶಕ್ತಿ ಭತ್ತಕ್ಕಿದೆ. ಇರುವ ಅಷ್ಟಿಷ್ಟು ಬಲವನ್ನೆಲ್ಲ ಅದು ಮೊಳಕೆಯ ಕವಚವನ್ನು ಉದ್ದ ಮಾಡಲು ಬಳಸುತ್ತದೆ. ಆ ಕವಚದ ತುದಿ ನೀರಿನ ಮೇಲಕ್ಕೆ ಬಂದರೆ ಕೊಳವೆಯ ಹಾಗೆ ಗಾಳಿ ಕೆಳಗಿಳಿಯುತ್ತದೆ, ಆಮೇಲೆ ಬೇರು ಬೆಳೆಯುತ್ತದೆ. ಅಲಸಂದೆಗೆ ಈ ವಿದ್ಯೆ ಇಲ್ಲ.

ನಮ್ಮ ಕಾಡು ತೋಟದ ಬೀಜಗಳಲ್ಲಿ ಇಂಥ ವಿಶೇಷಗಳು ಬೇಕಾದಷ್ಟಿವೆ. ಬೀಜವನ್ನು ಚೆನ್ನಾಗಿ ಒಣಗಿಸಿ ಕಾಪಾಡಬೇಕು ಎನ್ನುವುದು ಭತ್ತಕ್ಕೆ, ಅಲಸಂದೆಗೆ ಸರಿ. ಹಲಸಿನ ಬೀಜವನ್ನು ಒಣಗಿಸಿಟ್ಟರೆ ಅದು ಸತ್ತೇ ಹೋಗುತ್ತದೆ. ಹಣ್ಣು ಬೀಳುವ ಹೊತ್ತಿಗೇ ಮಳೆ ಹಿಡಿಯುವುದರಿಂದ ಅದಕ್ಕೆ ಕಾಯುವ ಅಗತ್ಯವೇ ಇಲ್ಲ. ಅಡಿಕೆಯೂ ಹಾಗೆಯೇ. ಚೆನ್ನಾಗಿ ಹಣ್ಣಾದ ಗೋಟನ್ನು ಸಿಪ್ಪೆ ಸಮೇತ, ತೊಟ್ಟಿನ ಭಾಗ ಮೇಲೆ ಬರುವಂತೆ ಊರಿದರೆ ಒಂದೂವರೆ ತಿಂಗಳಿಂದ ಮೂರು ತಿಂಗಳೊಳಗೆ ಮೊಳೆಯುತ್ತದೆ. ತೇಗದ ಬೀಜಕ್ಕೆ ನೆನೆಸುವುದು, ಒಣಗಿಸುವುದು ಎರಡನ್ನೂ ಸರದಿಯಾಗಿ ಮಾಡಬೇಕು. ಮನೆಮನೆಯಿಂದ ಬೀಜ ತರಿಸಿದರೆ ಒಂದೇ ತರಗತಿಯಲ್ಲಿ ಇವೆಲ್ಲವನ್ನೂ ತೋರಿಸಬಹುದು.

ಇಂದು ಶಾಲೆಯ ಮೇಲೆ ಬಿದ್ದಿರುವ ಹೊಣೆ

ನಾವು ಓದುವಾಗ ಬೀಜದ ಪಾಠಕ್ಕೆ ಮನೆ, ಶಾಲೆ ಎಂಬ ಎರಡು ತಾಣಗಳಿದ್ದವು. ನೆಟ್ಟಿಯ ದಿನಗಳಲ್ಲಿ ತರಗತಿಯ ಅರ್ಧ ಬೆಂಚು ಖಾಲಿ ಇರುತ್ತಿತ್ತು, ಹಾಜರಿ ಕರೆಯುವಾಗ ಮೇಷ್ಟ್ರಿಗೆ ಕಾರಣ ಗೊತ್ತಿರುತ್ತಿತ್ತು. ಇಂದು ಹಾಗಿಲ್ಲ. ಕೂಲಿಯವರು ಸಿಗುವುದಿಲ್ಲ, ಮಂಗ, ಹಂದಿ, ಕಾಡುಕೋಣಗಳ ಕಾಟ, ಭತ್ತಕ್ಕೆ ಖರ್ಚು ಹುಟ್ಟುವ ಬೆಲೆಯಿಲ್ಲ. ಎಷ್ಟೋ ಗದ್ದೆಗಳು ಅಡಿಕೆ ತೋಟವಾಗಿವೆ, ಕೆಲವು ಪಾಳು ಬಿದ್ದಿವೆ. ಭತ್ತ ಬೆಳೆಯುವವರೂ ರೈತ ಸಂಪರ್ಕ ಕೇಂದ್ರದ ಚೀಲದ ಬೀಜ ತರುತ್ತಾರೆ. ಇದರಲ್ಲಿ ಯಾರನ್ನೂ ದೂರುವಂತಿಲ್ಲ. ಬೆಂಗಳೂರಿನಲ್ಲಿ ಕೂತು ಸಂಬಳ ಎಣಿಸುವ ನಾನು ಊರಿನವರಿಗೆ ಭತ್ತ ಬೆಳೆಯಿರಿ ಎಂದು ಹೇಳಲಾರೆ.

ಬೀಜ ಕಳೆದುಹೋಗುವುದನ್ನು ನಮ್ಮ ಸೀಮೆ ಮೊದಲೂ ಕಂಡಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಸಾಗರ, ಹೊಸನಗರ ತಾಲ್ಲೂಕುಗಳ ಊರೂರೇ ಮುಳುಗಿದಾಗ ಜನ ಬೇರೆಬೇರೆ ಕಡೆಗೆ ಹೋದರು. ನದಿ ಬಯಲಿಗೆ ಹೊಂದಿದ ಭತ್ತ ಗುಡ್ಡದ ಮಗ್ಗುಲಿನ ಹೊಸ ನೆಲಕ್ಕೆ ಹೊಂದಬೇಕೆಂದಿಲ್ಲ. ಗದ್ದೆ ಹೋದರೆ ಆ ಗದ್ದೆಗೆ ಒಗ್ಗಿದ ಬೀಜವೂ, ಅದನ್ನು ಬಲ್ಲವರ ತಿಳಿವೂ ಹೋದಂತೆಯೇ. ಈಗ ನೀರು ಏರದೆಯೂ ಅದೇ ಆಗುತ್ತಿದೆ.

ಹೀಗಾಗಿ ಮೊಳಕೆ ಭತ್ತದ ಬಿಸಿಯನ್ನು ಕೈಯಿಂದ ಮುಟ್ಟಿ ನೋಡದ ಮಕ್ಕಳು ನಮ್ಮ ಹಳ್ಳಿಗಳಲ್ಲೇ ಬೆಳೆಯುತ್ತಿದ್ದಾರೆ. ಅವರಿಗೆ ಅದನ್ನು ತೋರಿಸಬಲ್ಲ ಜಾಗವೆಂದರೆ ಈಗ ಶಾಲೆಯೊಂದೇ. ಸುವರ್ಣ ಮಹೋತ್ಸವದ ಈ ಹೊತ್ತಿನಲ್ಲಿ ಹಳೆಯ ವಿದ್ಯಾರ್ಥಿಗಳ ಪರವಾಗಿ ಮೂರು ಸಲಹೆಗಳನ್ನು ಶಾಲೆಯ ಮುಂದಿಡುತ್ತೇನೆ.

ಮೊದಲನೆಯದು, ಪ್ರತಿ ವರ್ಷ ಶಾಲೆ ತೆರೆದ ಮೊದಲ ವಾರದಲ್ಲೇ ಎಂಟನೇ ತರಗತಿಯವರು ನೂರು ಬೀಜದ ಪರೀಕ್ಷೆ ಮಾಡಲಿ. ನೂರು ಕಾಳು ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ಐದನೇ ದಿನ ಮತ್ತು ಹದಿನಾಲ್ಕನೇ ದಿನ ಎಷ್ಟು ಮೊಳೆತಿವೆ ಎಂದು ಬರೆಯಬೇಕು. ಪ್ರಮಾಣೀಕೃತ ಭತ್ತದ ಬೀಜದಲ್ಲಿ ಕನಿಷ್ಠ 80 ಮೊಳೆಯಬೇಕು ಎಂಬುದು ನಮ್ಮ ದೇಶದ ಮಾನದಂಡ. ಚೀಲದ ಬೀಜ, ಮನೆಯ ಬೀಜ ಎರಡನ್ನೂ ಪರೀಕ್ಷಿಸಿ ಫಲಿತಾಂಶವನ್ನು ಸೂಚನಾ ಫಲಕದಲ್ಲಿ ಹಾಕಿದರೆ ಊರಿನ ರೈತರಿಗೂ ಉಪಯೋಗ. ಮಕ್ಕಳು ಮಾಡಿದ ಲೆಕ್ಕದ ಮೇಲೆ ದೊಡ್ಡವರು ಬಿತ್ತನೆ ಮಾಡಿದರೆ ಅದಕ್ಕಿಂತ ದೊಡ್ಡ ಬಹುಮಾನ ಬೇರಿಲ್ಲ.

ಎರಡನೆಯದು, ಊರಿನಲ್ಲಿ ಇನ್ನೂ ಉಳಿದಿರುವ ನಾಟಿ ಬೀಜಗಳ ಹೆಸರು, ಯಾವ ಮಣ್ಣಿನದು, ಯಾವ ಮಳೆಗೆ ಬಿತ್ತುವುದು, ಹೇಗೆ ಕಾಪಾಡುವುದು ಎಂಬುದನ್ನು ಮಕ್ಕಳು ಹಿರಿಯರನ್ನು ಕೇಳಿ ಬರೆದಿಡಲಿ. ಹಿರಿಯರೊಬ್ಬರನ್ನು ವರ್ಷಕ್ಕೊಮ್ಮೆ ತರಗತಿಗೆ ಕರೆದು ಒಂದು ಪೀರಿಯಡ್ ಅವರಿಗೇ ಬಿಟ್ಟುಕೊಡಲಿ.

ಮೂರನೆಯದು, ಇವೆಲ್ಲವನ್ನೂ ಒಂದು ದೊಡ್ಡ ರಿಜಿಸ್ಟರಿನಲ್ಲಿ ವರ್ಷವರ್ಷವೂ ಬರೆಯಲಿ. ನಾನು ಸಾಫ್ಟ್‌ವೇರ್ ಕೆಲಸದವನಾದ್ದರಿಂದ ಇದಕ್ಕೊಂದು ಆ್ಯಪ್ ಮಾಡಿಕೊಡುತ್ತೇನೆಂದು ಕೆಲವರು ಎಣಿಸಬಹುದು. ಮೊಬೈಲುಗಳು ಬದಲಾಗುತ್ತವೆ, ಆ್ಯಪುಗಳು ನಿಂತುಹೋಗುತ್ತವೆ. ರಟ್ಟು ಹಾಕಿದ ಪುಸ್ತಕ ಐವತ್ತು ವರ್ಷ ಬಾಳುತ್ತದೆ. ಪುಸ್ತಕವನ್ನು ಕಟ್ಟಿಸಿಕೊಡುವ ಖರ್ಚು ನಮ್ಮ ಬ್ಯಾಚಿನದು. ವರ್ಷಕ್ಕೊಮ್ಮೆ ಅದರ ಪ್ರತಿ ತೆಗೆದು ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನದು.

ಶಿವಪ್ಪನಾಯಕನ ಕಾಲದಲ್ಲಿ ಬೀಜದ ಲೆಕ್ಕ ಬರೆದದ್ದು ಕಂದಾಯಕ್ಕಾಗಿ. ನಮ್ಮ ಮಕ್ಕಳು ತಿಳಿವಿಗಾಗಿ ಬರೆಯಲಿ. ಬಾಟಲಿಯ ತಳದ ಭತ್ತವನ್ನು ಎಸೆಯದೆ ನಮ್ಮ ಮುಂದೆ ಹಿಡಿದ ಆ ಮೇಷ್ಟ್ರಿಗೂ, ಈ ಐವತ್ತು ವರ್ಷಗಳಲ್ಲಿ ಇದೇ ಕೋಣೆಗಳಲ್ಲಿ ಪಾಠ ಹೇಳಿದ ಎಲ್ಲ ಗುರುಗಳಿಗೂ ನನ್ನ ನಮಸ್ಕಾರಗಳು. ಬರುವ ಜೂನ್‌ನಲ್ಲಿ ಮೊದಲ ನೂರು ಬೀಜ ಎಣಿಸುವಾಗ ನಾನೂ ಊರಿಗೆ ಬರುತ್ತೇನೆ. ಮನೆಯಲ್ಲಿ ಹಳೆಯ ಬೀಜದ ಭತ್ತ ಇರುವವರು ದಯವಿಟ್ಟು ಒಂದು ಹಿಡಿ ತೆಗೆದಿಟ್ಟಿರಿ.